ಹದಿನಾಲ್ಕನೇ ಪುಟದ ಅಕ್ಕ

ಮನೆ, ಮುಂದಿನ ಕೋಣೆ
ಹದಿನೆಂಟನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಬಲಗೈ ಮಣಿಕಟ್ಟು ಈಗ ಹೇಗಿದೆ? ಕತ್ತರಿ ಹಿಡಿಯುವುದನ್ನು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದರಂತೆ, ನೀನು ಡಾಕ್ಟರ ಹತ್ತಿರ ಹೋಗುವುದನ್ನೇ ಕಡಿಮೆ ಮಾಡಿದೆಯಂತೆ. ಅಮ್ಮ ಹೇಳಿದಳು. ಭಾವನ ಸೀನು ನಿಂತಿತೇ? ಪುಟ್ಟಿಯ ಹಲ್ಲಿಗೆ ತಂತಿ ಹಾಕಿಸಿದ ಫೋಟೋ ನೋಡಿದೆ. ಬಾಯಿ ಮುಚ್ಚಿಕೊಂಡು ನಗುವುದನ್ನು ಅಷ್ಟು ಚೆನ್ನಾಗಿ ಯಾರಿಂದ ಕಲಿತಳೋ, ನಿನ್ನಿಂದಲೇ ಇರಬೇಕು. ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ. ಮಂಡಿನೋವು ಇದೆ, ಆದರೆ ಯಾರಾದರೂ ವಿಚಾರಿಸಿದಾಗ ಮಾತ್ರ ನೋಯುತ್ತದೆ. ಈಗ ಒಳಗೆ ಮಲಗಿದ್ದಾಳೆ. ಅವಳು ಏಳುವುದರೊಳಗೆ ಇದನ್ನು ಮುಗಿಸಿ ಅಂಚೆ ಡಬ್ಬಿಗೆ ಹಾಕಿ ಬರಬೇಕೆಂದುಕೊಂಡಿದ್ದೇನೆ.

ಫೋನು ಇರುವಾಗ ಇವನೇಕೆ ಪತ್ರ ಬರೆಯುತ್ತಿದ್ದಾನೆ ಎಂದು ನೀನು ಕೇಳುತ್ತೀ. ಫೋನಿನಲ್ಲಿ ನಾವಿಬ್ಬರು ಏನು ಮಾತಾಡುತ್ತೇವೆ ಹೇಳು. ಅಮ್ಮನ ಮಂಡಿ, ನಿಮ್ಮೂರಿನ ಬಿಸಿಲು, ಆಮೇಲೆ ನಿನ್ನ "ಸರಿ, ಇಡ್ಲಾ". ನೀನು ಇಲ್ಲಿಗೆ ಬಂದಾಗಲೂ ಅಷ್ಟೇ. ಎರಡು ವರ್ಷಕ್ಕೊಮ್ಮೆ ಬರುತ್ತೀ, ಎರಡು ದಿನ ಇರುತ್ತೀ, ಆ ಎರಡು ದಿನವೂ ಚೀಲವನ್ನು ತೊಡೆಯ ಮೇಲಿಟ್ಟುಕೊಂಡೇ ಕೂರುತ್ತೀ, ಯಾರೋ ಈಗಲೇ ಏಳು ಅನ್ನುತ್ತಾರೇನೋ ಎಂಬಂತೆ. ಆದ್ದರಿಂದ ಪತ್ರ. ವಿಷಯ ಇಷ್ಟು: ಬರುವ ಒಂದನೇ ತಾರೀಖು ನಾನು ಹೊಸ ಕೆಲಸಕ್ಕೆ ಸೇರಬೇಕು. ಅದಕ್ಕೆ ಮೊದಲು ಒಂದು ಕಥೆ ಮುಗಿಸಬೇಕು. ಆ ಕಥೆ ನಿನ್ನದು, ನಿನ್ನ ಒಪ್ಪಿಗೆ ಇಲ್ಲದೆ ಅದನ್ನು ಯಾರ ಕೈಗೂ ಕೊಡುವ ಹಾಗಿಲ್ಲ. ಎಂಟು ತಿಂಗಳ ಹಿಂದೆ ಕೇಳಬೇಕಿತ್ತು. ಕೇಳುವ ಮೊದಲೇ ಅದರ ಮೂರು ಸಾವಿರ ಪ್ರತಿ ಅಚ್ಚಾಗಿಬಿಟ್ಟಿತು. ಹೇಗೆ ಎಂದು ಹೇಳುತ್ತೇನೆ, ಬಯ್ಯುವುದನ್ನು ಕೊನೆಯವರೆಗೆ ತಡೆದುಕೋ.

ನನ್ನ ಹಳೆಯ ಕೆಲಸ ಹೋದದ್ದು ಆಫೀಸಿನಲ್ಲಿ ಜನ ಕಡಿಮೆ ಮಾಡಿದ್ದರಿಂದ ಎಂದು ಅಮ್ಮ ನಿನಗೆ ಹೇಳಿರುತ್ತಾಳೆ. ನಾನೇ ಅವಳಿಗೆ ಹಾಗೆ ಹೇಳಿದ್ದು. ನಿಜ ಬೇರೆ. ನನ್ನ ಕೆಲಸ ಏನೆಂದು ನಿನಗೆ ಎಷ್ಟು ಸಲ ಹೇಳಿದರೂ "ಕಂಪ್ಯೂಟರ್‌ನಲ್ಲಿ ಚಿತ್ರ ಬರೀತಾನೆ" ಅನ್ನುತ್ತೀ. ಹೋಗಲಿ, ಹಾಗೇ ಇಟ್ಟುಕೋ. ಒಂದು ಪುಸ್ತಕ ಅಥವಾ ವರದಿಯ ಪುಟ ಹೇಗೆ ಕಾಣಬೇಕೆಂದು ನಾವು ಮೊದಲೇ ಮಾಡಿ ತೋರಿಸುತ್ತೇವೆ. ಆಗ ಅಲ್ಲಿ ಬರಬೇಕಾದ ಬರಹ ಇನ್ನೂ ಬಂದಿರುವುದಿಲ್ಲ, ಬರೆಯುವವರು ಬರೆದೇ ಇರುವುದಿಲ್ಲ. ಖಾಲಿ ಬಿಡುವಂತಿಲ್ಲವೆಂದು ಅರ್ಥವಿಲ್ಲದ ಪದಗಳನ್ನು ಸುರಿದು ಜಾಗ ತುಂಬಿಸುತ್ತಾರೆ. ನನಗೆ ಅದು ಹಿಡಿಸುತ್ತಿರಲಿಲ್ಲ. ಅರ್ಥವಿಲ್ಲದ ಪದಗಳು ಸಾಲಿನಲ್ಲಿ ನಿಲ್ಲುವ ರೀತಿಯೇ ಬೇರೆ, ಪುಟ ಸುಳ್ಳು ಹೇಳಿದಂತೆ ಕಾಣುತ್ತದೆ. ಅದಕ್ಕೆ ನಾನು ಸ್ವಂತ ಕಥೆಗಳನ್ನು ಸುರಿಯುತ್ತಿದ್ದೆ. ಹನ್ನೊಂದು ವರ್ಷ ನಾನು ಬರೆದದ್ದೆಲ್ಲ ಹಾಗೆಯೇ. ಸೋಪಿನ ಕಂಪನಿಯ ಕೈಪಿಡಿಯಲ್ಲಿ ಒಂದು, ಕಣ್ಣಿನ ಆಸ್ಪತ್ರೆಯ ಪತ್ರಿಕೆಯಲ್ಲಿ ಒಂದು. ನಿಜವಾದ ಬರಹ ಬಂದ ದಿನ ನನ್ನದನ್ನು ಅಳಿಸಿ ಅದನ್ನು ಹಾಕುವುದು, ಅಳಿಸಿದ್ದನ್ನು ಬೇರೆ ಕಡೆ ಎತ್ತಿಡುವುದು. ಯಾರೂ ಓದುತ್ತಿರಲಿಲ್ಲ. ಯಾರೂ ಓದುವುದಿಲ್ಲ ಎಂಬ ಧೈರ್ಯದಲ್ಲಿ ಮನಸ್ಸಿಗೆ ಬಂದದ್ದನ್ನು ಬರೆಯುತ್ತಿದ್ದೆ. ಕಥೆ ಬರೆಯಲು ಸಮಯ ಹೇಗೆ ಸಿಗುತ್ತದೆ ಎಂದು ಗೆಳೆಯರು ಕೇಳಿದರೆ ನಗುತ್ತಿದ್ದೆ. ಆಫೀಸಿನವರೇ ಸಮಯ ಕೊಡುತ್ತಿದ್ದರು, ಅವರಿಗೆ ಗೊತ್ತಿರಲಿಲ್ಲ ಅಷ್ಟೇ.

ಇದರಿಂದ ಒಂದು ಕೆಟ್ಟ ಅಭ್ಯಾಸವೂ ಅಂಟಿಕೊಂಡಿತು. ಪುಟದಲ್ಲಿ ಬರಹಕ್ಕೆಂದು ಎಷ್ಟು ಜಾಗವಿದೆಯೋ ಅಷ್ಟೇ ಬರೆಯುವುದು. ಚೌಕ ತುಂಬಿದ ಕಡೆ ಕಥೆ ನಿಲ್ಲುತ್ತದೆ, ಯಾರಾದರೂ ಬಾಗಿಲು ತೆರೆಯುತ್ತಿದ್ದರೂ ಸರಿ, ಅನ್ನ ಉಕ್ಕುತ್ತಿದ್ದರೂ ಸರಿ. ಕೆಲಸ ಹೋಗಿ ಇಡೀ ದಿನ ಕೈಯಲ್ಲಿದ್ದಾಗ ಈಗ ಕೂತು ಬರೆದು ಗುಡ್ಡೆ ಹಾಕುತ್ತೇನೆ ಎಂದುಕೊಂಡೆ. ಎಂಟು ತಿಂಗಳಲ್ಲಿ ಎಂಟು ಸಾಲು ಬರೆಯಲಿಲ್ಲ. ಖಾಲಿ ಹಾಳೆ ಮುಂದಿಟ್ಟರೆ ಕೈ ಓಡುವುದೇ ಇಲ್ಲ. ಈ ಪತ್ರಕ್ಕೂ ನಾಲ್ಕು ಹಾಳೆ ಎಂದು ಮೊದಲೇ ಎಣಿಸಿ ಎತ್ತಿಟ್ಟುಕೊಂಡು, ಅಂಚಿಗೆ ಪೆನ್ಸಿಲ್ ಗೆರೆ ಎಳೆದ ಮೇಲೆಯೇ ಶುರುಮಾಡಿದ್ದು. ನಗಬೇಡ.

ಇನ್ನು ಆ ಮೂರು ಸಾವಿರದ ವಿಚಾರ. ನೀರಿನ ಪಂಪು ಮಾಡುವ ಒಂದು ಕಂಪನಿಯ ವಾರ್ಷಿಕ ವರದಿ ನನ್ನ ಕೈಗೆ ಬಂತು. ಹದಿನಾಲ್ಕನೇ ಪುಟದಲ್ಲಿ ಅಧ್ಯಕ್ಷರ ಮಾತು, ಪಕ್ಕದಲ್ಲಿ ಅವರ ಫೋಟೋ. ಅಧ್ಯಕ್ಷರು ಮಾತು ಕಳಿಸುವುದು ತಡವಾಯಿತು. ನಾನು ಎಂದಿನಂತೆ ಆ ಚೌಕಕ್ಕೆ ಒಂದು ಕಥೆ ಬರೆದು ತುಂಬಿಸಿ ಕರಡು ಕಳಿಸಿದೆ. ಅಧ್ಯಕ್ಷರ ಕಚೇರಿಯಿಂದ ಬಂದ ತಿದ್ದುಪಡಿ ಒಂದೇ: "ಸಾಹೇಬ್ರ ಮುಖ ಸ್ವಲ್ಪ ಬೆಳ್ಳಗೆ ಮಾಡಿ." ಮಾಡಿದೆ. ಆರು ಜನ ಆ ಕರಡಿಗೆ ಸಹಿ ಹಾಕಿದರು. ಅಧ್ಯಕ್ಷರ ನಿಜವಾದ ಮಾತು ನನ್ನ ಈಮೇಲಿಗೆ ಬಂದು ಬಿದ್ದಿತ್ತು, ನಾನು ತೆರೆದು ನೋಡಿರಲಿಲ್ಲ. ತಪ್ಪು ನನ್ನದೇ. ವರದಿ ಅಚ್ಚಾಗಿ, ಹೊಲಿಗೆಯಾಗಿ, ಮೊದಲ ಪ್ರತಿ ಅಧ್ಯಕ್ಷರ ಮೇಜಿಗೆ ಹೋಯಿತು. ಬೆಳ್ಳಗಾದ ಮುಖದ ಪಕ್ಕದಲ್ಲಿ ಹೀಗಿತ್ತು: "ಒಂದು ವರ್ಷ ನನ್ನ ಅಕ್ಕ ದಿನಾ ಮಧ್ಯಾಹ್ನ ಮೂರಕ್ಕೆ ಟೈಪಿಂಗ್ ಕ್ಲಾಸಿಗೆಂದು ಹೇಳಿ ಮನೆಯಿಂದ ಹೊರಟು, ಬಸ್ ನಿಲ್ದಾಣದ ಕೊನೆಯ ಬೆಂಚಿನ ಮೇಲೆ ಕೂತು ಐದಕ್ಕೆ ಎದ್ದು ಬರುತ್ತಿದ್ದಳು." ಅಧ್ಯಕ್ಷರು ಎರಡು ಸಲ ಓದಿ ಕಾರ್ಯದರ್ಶಿಯನ್ನು ಕರೆದು, "ನನಗೆ ಅಕ್ಕನೇ ಇಲ್ವಲ್ಲ," ಅಂದರಂತೆ.

ಹೌದು ಅಕ್ಕಾ, ನನಗೆ ಗೊತ್ತಿತ್ತು. ನನಗೆ ಆಗ ಒಂಬತ್ತು ವರ್ಷ, ನಿನಗೆ ಹತ್ತೊಂಬತ್ತು. ಟ್ಯೂಷನ್ ತಪ್ಪಿಸಿ ಒಂದು ದಿನ ನಿನ್ನ ಹಿಂದೆ ಬಂದಿದ್ದೆ, ಆಮೇಲೆ ಅದೇ ಚಾಳಿಯಾಯಿತು. ನಿಲ್ದಾಣದಲ್ಲಿ ಕುಡಿಯುವ ನೀರಿನ ತೊಟ್ಟಿಯ ಹಿಂದೆ ನಿಂತು ನೋಡುತ್ತಿದ್ದೆ. ನೀನು ಏನನ್ನೂ ಮಾಡುತ್ತಿರಲಿಲ್ಲ. ಯಾರಿಗೂ ಕಾಯುತ್ತಿರಲಿಲ್ಲ. ಓದುತ್ತಿರಲಿಲ್ಲ, ಅಳುತ್ತಿರಲಿಲ್ಲ. ಚೀಲ ಪಕ್ಕದಲ್ಲಿಟ್ಟುಕೊಂಡು ಬಸ್ಸುಗಳು ಬರುವುದನ್ನೂ ಹೋಗುವುದನ್ನೂ ನೋಡುತ್ತಿದ್ದೆ. ಮನೆಯಲ್ಲಿ ಇಲ್ಲದ ಒಂದು ಮುಖ ನಿನಗೆ ಅಲ್ಲಿ ಇತ್ತು. ಅದನ್ನು ನಾನು ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಒಂದರಲ್ಲಿ ನೀನು ಬಸ್ಸು ಹತ್ತಿ ಹೋಗುತ್ತೀ, ಒಂದರಲ್ಲಿ ಬಸ್ಸಿನಿಂದ ಯಾರೋ ಇಳಿಯುತ್ತಾರೆ. ಪಂಪಿನ ವರದಿಯಲ್ಲಿ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೆ. ಒಂದು ಮಧ್ಯಾಹ್ನ ನೀನು ಬೆಂಚಿನಲ್ಲಿ ಕೂತು ತಲೆ ಎತ್ತಿ ನೋಡುತ್ತೀ, ಅಲ್ಲಿಗೆ ಪುಟ ಮುಗಿಯುತ್ತದೆ. ಆಮೇಲೆ ಅಮ್ಮನಿಗೆ ಹೇಗೋ ಗೊತ್ತಾದದ್ದು, ಕ್ಲಾಸು ಬಿಡಿಸಿದ್ದು, ಎರಡು ತಿಂಗಳಲ್ಲಿ ನಿನ್ನನ್ನು ಹೊಲಿಗೆ ಕಲಿಯಲೆಂದು ಅತ್ತೆಯ ಊರಿಗೆ ಕಳಿಸಿದ್ದು, ನೀನು ಅಲ್ಲೇ ನೆಲೆಯಾದದ್ದು ಯಾವುದೂ ಅದರಲ್ಲಿಲ್ಲ.

ಮುಂದಿನದನ್ನು ಬೇಗ ಹೇಳುತ್ತೇನೆ. ನಿಜವಾದ ಮಾತನ್ನು ಅಂಟುಕಾಗದದಲ್ಲಿ ಅಚ್ಚು ಹಾಕಿಸಿ ಮೂರು ಸಾವಿರ ಪ್ರತಿಗಳ ಮೇಲೆ ಅಂಟಿಸಬೇಕೆಂದು ತೀರ್ಮಾನವಾಯಿತು. ಅಂಟಿಸಲು ನನ್ನನ್ನೂ ಕಳಿಸಿದರು. ಮೂರು ದಿನ ಬೈಂಡರ್ ಅಂಗಡಿಯಲ್ಲಿ ಕೂತು ನಿನ್ನನ್ನು ಮುಚ್ಚಿದೆ. ಉದ್ದನೆಯ ಕೋಣೆ, ಅಂಟಿನ ವಾಸನೆ, ಕತ್ತರಿಸುವ ಯಂತ್ರ ಏಳುವ ಬೀಳುವ ಸದ್ದು, ಕಾಲಿನಡಿ ಕಾಗದದ ಚೂರು. ನಾಲ್ಕು ಹೆಂಗಸರು ಪುಟ ತೆರೆದು ಕೊಡುತ್ತಿದ್ದರು, ನಾನು ಅಂಟಿಸಿ ಕೈಯಿಂದ ಒತ್ತುತ್ತಿದ್ದೆ. ಬೈಂಡರ್ ಅರವತ್ತು ದಾಟಿದವರು, ಮಿತ ಮಾತು, ಯಾವ ಪುಸ್ತಕ ಬಂದರೂ ಹೊಲಿಯುವ ಮೊದಲು ಒಂದು ಪುಟವನ್ನಾದರೂ ಓದುತ್ತಾರೆ. ಮೊದಲ ದಿನವೇ ಹದಿನಾಲ್ಕನೇ ಪುಟವನ್ನು ಆ ಹೆಂಗಸರಿಗೆ ಗಟ್ಟಿಯಾಗಿ ಓದಿ ಹೇಳಿದರು. ಬರೆದವನು ನಾನೆಂದು ಅವರಿಗೆ ಗೊತ್ತಿರಲಿಲ್ಲ. ಹೆಂಗಸರಲ್ಲಿ ಹಿರಿಯಳು, ನಿಲ್ದಾಣದಲ್ಲಿ ಕೂರುವುದಕ್ಕೂ ಒಂದು ಕಾರಣ ಬೇಕಾ, ಪಾಪ, ಅವಳಿಗೆ ಕಾಲು ಚಾಚಿ ಕೂರಲು ಮನೆಯಲ್ಲಿ ಜಾಗ ಇರಲಿಲ್ಲವೇನೋ ಅಂದಳು. ನನಗೆ ಇಪ್ಪತ್ತೈದು ವರ್ಷದಲ್ಲಿ ಹೊಳೆಯದ ಕಾರಣ ಅದು. ಆಮೇಲಿನ ನಾಲ್ಕು ಪ್ರತಿಗೆ ಸೊಟ್ಟಗೆ ಅಂಟಿಸಿದೆ. ಮೂರನೇ ದಿನ ಹೊರಡುವಾಗ ಬರೆದವನು ನಾನೇ ಎಂದು ಒಪ್ಪಿಕೊಂಡೆ. ಬೈಂಡರ್ ಕೈ ಒರೆಸಿಕೊಂಡು, "ಆ ಅಕ್ಕ ಆಮೇಲೆ ಏನಾದ್ರು?" ಅಂದರು. ಚೆನ್ನಾಗಿದ್ದಾಳೆ, ಶಾಲೆಗಳಿಗೆ ಸಮವಸ್ತ್ರ ಹೊಲಿಸುವ ಅಂಗಡಿ ಇಟ್ಟಿದ್ದಾಳೆ ಎಂದೆ. ಅವರು ಕೇಳಿದ್ದು ಅದಲ್ಲ ಎಂದು ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಮಾರನೆಯ ದಿನ ಆಫೀಸಿನಲ್ಲಿ ನನ್ನ ಮೇಜು ಖಾಲಿ ಮಾಡಿಸಿದರು.

ಆಮೇಲೆ ಕೆಲಸ ಹುಡುಕುವ ಕೆಲಸ. ಅದರ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ. ಬೆಳಿಗ್ಗೆ ಎದ್ದು ಅರ್ಜಿ ಕಳಿಸುವುದು, ಮಧ್ಯಾಹ್ನ ಉತ್ತರ ಬಂತೇ ನೋಡುವುದು. ಒಂದು ಕಡೆ ಪರೀಕ್ಷೆಗೆಂದು ಎಣ್ಣೆ ಬಾಟಲಿಯ ಚೀಟಿ ಬಿಡಿಸಿ ತೋರಿಸಿ ಅಂದರು. ಮೂರು ಸಲ ತಿದ್ದಿಸಿದರು, ಆಮೇಲೆ ಸುದ್ದಿಯಿಲ್ಲ. ಹೋದ ತಿಂಗಳು ಅಮ್ಮ ಅದೇ ಎಣ್ಣೆ ತಂದಳು, ನನ್ನ ಚೀಟಿಯನ್ನೇ ಅಂಟಿಸಿದ್ದರು. ಚೆನ್ನಾಗಿದೆ ಅಲ್ವಾ ಬಾಟಲಿ, ಅಂದಳು. ಇನ್ನೊಂದು ಕಡೆ, ಐದು ವರ್ಷದ ನಂತರ ನಿಮ್ಮನ್ನು ಎಲ್ಲಿ ಕಾಣುತ್ತೀರಿ ಎಂದು ಕೇಳಿದರು. ಮುಂದಿನ ವಾರ ಎಲ್ಲಿ ಎಂದೇ ಕಾಣದವನಿಗೆ ಆ ಪ್ರಶ್ನೆ ದೊಡ್ಡದಾಯಿತು.

ಬಯೋಡೇಟಾ ಪ್ರತಿ ತೆಗೆಸಲು ಹೋಗುತ್ತಿದ್ದ ಅಂಗಡಿ ಯಾರದು ಗೊತ್ತೇ? ನಿನ್ನ ಟೈಪಿಂಗ್ ಮೇಷ್ಟ್ರದು. ಟೈಪಿಂಗ್ ಯಂತ್ರಗಳನ್ನೆಲ್ಲ ತೂಕಕ್ಕೆ ಹಾಕಿ ಈಗ ಒಂದು ಜೆರಾಕ್ಸ್ ಯಂತ್ರ ಇಟ್ಟುಕೊಂಡಿದ್ದಾರೆ. ಕಣ್ಣು ಮಂಜಾಗಿದೆ, ಆದರೂ ಯಾರ ಕಾಗದ ಬಂದರೂ ತಪ್ಪು ಹುಡುಕದೆ ಬಿಡುವುದಿಲ್ಲ. ಅಮ್ಮನಿಗೆ ಹೇಳಿದ್ದು ಅವರೇ ಎಂದು, ಅವರ ಸುದ್ದಿ ಎತ್ತಿದರೆ ನೀನು ಇವತ್ತಿಗೂ ಕೆಂಡವಾಗುತ್ತೀ. ಊರು ಬಿಡುವ ಮುಂಚೆ ಅವರ ಕ್ಲಾಸಿನ ಬಾಗಿಲಲ್ಲಿ ನಿಂತು, ಎಲ್ಲರೆದುರು, "ನಿಮ್ಮ ಬಾಯಿಗೆ ಬೀಗ ಇಲ್ವಾ?" ಅಂದೆಯಲ್ಲ, ಅದನ್ನು ಅವರು ಮರೆತಿಲ್ಲ. ನನ್ನ ಬಯೋಡೇಟಾದಲ್ಲಿ ಹವ್ಯಾಸ ಎಂಬಲ್ಲಿ ಬರವಣಿಗೆ ಎಂದಿತ್ತು. "ಇದು ಬೇಡಪ್ಪ, ಕೆಲ್ಸದ ಮೇಲೆ ಗಮನ ಇರಲ್ಲ ಅಂದ್ಕೋತಾರೆ. ಈಜು ಅಂತ ಹಾಕು," ಅಂದರು. ಹಾಕಿದೆ. ನನಗೆ ಈಜು ಬರುವುದಿಲ್ಲ, ನಿನಗೆ ಗೊತ್ತು. ಔಷಧಿ ಡಬ್ಬಿಗಳ ಮೇಲಿನ ಚೀಟಿ ಮಾಡುವ ಕಂಪನಿಯೊಂದು ಸಂದರ್ಶನಕ್ಕೆ ಕರೆಯಿತು. ಅಲ್ಲಿನ ಮ್ಯಾನೇಜರ್ ದಿನಾ ಬೆಳಿಗ್ಗೆ ಈಜುವವರು. ಹದಿನೈದು ನಿಮಿಷ ನೀರಿನ ಬಗ್ಗೆಯೇ ಮಾತಾಡಿದರು, ನಾನು ತಲೆಯಾಡಿಸಿದೆ, ಕೆಲಸ ಕೊಟ್ಟರು. ಒಂದನೇ ತಾರೀಖು ಸೇರಬೇಕು. ಮಾತ್ರೆ ಎಷ್ಟು ಹೊತ್ತಿಗೆ ನುಂಗಬೇಕು ಎಂಬ ಸಣ್ಣ ಅಕ್ಷರಗಳನ್ನು ಇನ್ನು ಮುಂದೆ ಜೋಡಿಸುವವನು ನಾನು. ಒಳ್ಳೆಯ ಕೆಲಸವೇ, ಹಾಗೆ ನೋಡಿದರೆ ಅದನ್ನು ಜನ ಓದುತ್ತಾರೆ.

ಆದರೆ ಕೆಲಸದ ಕರಾರಿನಲ್ಲಿ ಒಂದು ಕಲಮು ಇದೆ. ಕೆಲಸದಲ್ಲಿರುವಷ್ಟು ಕಾಲ ನೌಕರನು ಎಲ್ಲೇ ಕೂತು ಬರೆದದ್ದು, ಬಿಡಿಸಿದ್ದು ಎಲ್ಲ ಕಂಪನಿಯ ಸ್ವತ್ತು. ನಾನು ಎಚ್.ಆರ್. ಮೇಡಂಗೆ ಇದನ್ನು ತೆಗೆಯಲು ಆಗುತ್ತದೆಯೇ ಎಂದು ಕೇಳಿದೆ. ಅವರು ಹೆದರಬೇಡಿ ಎನ್ನುವಂತೆ ನಕ್ಕು, "ಅದು ಎಲ್ರಿಗೂ ಇರೋದೇ ಸರ್, ಯಾರೂ ಓದಲ್ಲ," ಅಂದರು. ಯಾರೂ ಓದದ ಬರಹ ಏನು ಮಾಡಬಲ್ಲದು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಅಂತೂ ಒಂದನೇ ತಾರೀಖಿನಿಂದ ನಾನು ಏನು ಬರೆದರೂ ಅದು ಮಾತ್ರೆಯವರದು. ಅಲ್ಲಿಯವರೆಗೆ ಬರೆದದ್ದು ನನ್ನದು. ಹದಿಮೂರು ದಿನ ಇದೆ, ನಾಳೆಯಿಂದ ಎಣಿಸಿದರೆ.

ಅಷ್ಟರಲ್ಲಿ ಬೈಂಡರ್ ಒಂದು ಕೆಲಸ ಮಾಡಿದ್ದರು. ಅಂಟಿಸದೆ ಉಳಿಸಿಕೊಂಡ ಒಂದು ಪ್ರತಿಯನ್ನು ಪ್ರಕಾಶಕಿಯೊಬ್ಬರಿಗೆ ತೋರಿಸಿದ್ದರು. ಆಕೆಯ ಪುಸ್ತಕಗಳಿಗೆಲ್ಲ ಇವರದೇ ಹೊಲಿಗೆ. ಆಕೆ ಕರೆಸಿ, ನಾನು ಎತ್ತಿಟ್ಟಿದ್ದನ್ನೆಲ್ಲ ಓದಿ, ಹನ್ನೆರಡನ್ನು ಆರಿಸಿದರು. ಹನ್ನೆರಡಕ್ಕೂ ಕೊನೆ ಇಲ್ಲವಲ್ಲ ಎಂದೆ. "ಹನ್ನೊಂದು ಹಾಗೇ ಇರ್ಲಿ, ಜಾಗ ಸಾಲ್ದೆ ನಿಂತಿವೆ. ಈ ಅಕ್ಕನ ಕಥೆ ನೀವೇ ನಿಲ್ಲಿಸಿದ್ದು," ಅಂದರು. ನಾನು ಕಿಟಕಿಯ ಕಡೆ ನೋಡಿದೆ. ಅದಕ್ಕೊಂದು ಕೊನೆ ಬರೆದು ತಿಂಗಳಾಖೈರಿಗೆ ಕೊಡಿ, ಇಲ್ಲದಿದ್ದರೆ ಅದನ್ನು ಬಿಟ್ಟು ಹನ್ನೊಂದೇ ಹಾಕೋಣ ಎಂದರು. ಹೆಸರು ಎಲ್ಲೂ ಬರುವುದಿಲ್ಲ ಅಕ್ಕಾ. ಊರೂ ಬರುವುದಿಲ್ಲ. ಆದರೂ ನೀನು ಬೇಡ ಅಂದರೆ ಹನ್ನೊಂದೇ. ಇದರಲ್ಲಿ ನನಗೆ ಬೇಜಾರಿಲ್ಲ ಎಂದು ಬರೆಯಲು ಹೊರಟೆ, ಸುಳ್ಳಾಗುತ್ತದೆ. ಬೇಜಾರಾಗುತ್ತದೆ, ಆದರೆ ಹನ್ನೊಂದೇ. ನೀನು ಒಂದು ಸಾಲು ಬರೆದರೆ ಸಾಕು, ಬೇಕು ಅಥವಾ ಬೇಡ ಎಂದು.

ಮೂರು ಹಾಳೆ ಮುಗಿದು ನಾಲ್ಕನೆಯದರ ಕೊನೆಗೆ ಬಂದಿದ್ದೇನೆ. ಅಮ್ಮನ ಮಂಚ ಕಿರುಗುಟ್ಟಿತು. ಭಾವನಿಗೆ ನನ್ನ ನಮಸ್ಕಾರ ತಿಳಿಸು. ಪುಟ್ಟಿಗೆ ಮುದ್ದು, ಬಾಯಿ ತೆರೆದು ನಕ್ಕ ಫೋಟೋ ಒಂದನ್ನು ಮಾವನಿಗೆ ಕಳಿಸಬೇಕಂತೆ ಎಂದು ಹೇಳು. ಮಣಿಕಟ್ಟಿಗೆ ಪಟ್ಟಿ ಕಟ್ಟಿಕೋ, ಕತ್ತರಿಯನ್ನು ಕೆಲಸದವರ ಕೈಗೆ ಕೊಡು.

ನಿನ್ನ ಆಶೀರ್ವಾದದ ಹಕ್ಕನ್ನು ಇನ್ನೂ ಬಿಟ್ಟುಕೊಡದ
ತಮ್ಮ

ತಾ.ಕ.: ಇದು ಐದನೇ ಹಾಳೆ, ಗೆರೆ ಹಾಕಿಲ್ಲ. ಅಮ್ಮ ಎದ್ದು ಮುಖ ತೊಳೆಯುತ್ತಿದ್ದಾಳೆ, ಬೇಗ ಬರೆಯುತ್ತೇನೆ. ಅಮ್ಮನಿಗೆ ಹೇಗೋ ಗೊತ್ತಾಯಿತು ಎಂದು ಮೇಲೆ ಬರೆದಿದ್ದೇನಲ್ಲ, ಅದು ಹೇಗೋ ಅಲ್ಲ. ಮೇಷ್ಟ್ರು ಹೇಳಲಿಲ್ಲ ಅಕ್ಕಾ. ನಾನು ಹೇಳಿದೆ. ವಾರಗಟ್ಟಲೆ ತೊಟ್ಟಿಯ ಹಿಂದೆ ನಿಂತು, ನೀನು ಒಂದು ದಿನ ನನ್ನನ್ನೂ ಕರೆಯುತ್ತೀಯೇನೋ ಎಂದು ಕಾಯುತ್ತಿದ್ದೆ. ಆ ಮಧ್ಯಾಹ್ನ ನೀನು ತಲೆ ಎತ್ತಿ ನೋಡಿದೆ. ಆಮೇಲೆ ಬೆಂಚಿನ ಮೇಲಿದ್ದ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡೆ. ನಿನ್ನ ಹತ್ತಿರ ಬೇರೆ ಯಾರೂ ಬಂದಿರಲಿಲ್ಲ. ನನ್ನನ್ನು ಕಂಡುಬಿಟ್ಟೆ, ಟ್ಯೂಷನ್ ತಪ್ಪಿಸಿದ್ದನ್ನು ಅಮ್ಮನಿಗೆ ಹೇಳುತ್ತೀ ಎಂದು ಹೆದರಿ ಓಡಿದೆ. ನೀನು ಹೇಳುವ ಮೊದಲು ನಾನೇ ನಿನ್ನದನ್ನು ಹೇಳಿಬಿಟ್ಟೆ. ಯಾರು ಹೇಳಿದ್ದು ಎಂದು ನೀನು ಅತ್ತು ಕೇಳಿದಾಗ ಅಮ್ಮ ನನ್ನ ಹೆಸರು ಎತ್ತಲಿಲ್ಲ. ನೀನು ಮೇಷ್ಟ್ರೇ ಅಂದೆ. ನಾನು ಬಾಗಿಲ ಹಿಂದೆ ನಿಂತು ಬಾಯಿ ಬಿಡಲಿಲ್ಲ, ಇವತ್ತಿನವರೆಗೂ ಬಿಟ್ಟಿರಲಿಲ್ಲ. ನಾಳೆ ಅಂಗಡಿ ತೆರೆಯುವ ಹೊತ್ತಿಗೆ ಹೋಗಿ ಮೇಷ್ಟ್ರಿಗೂ ಹೇಳುತ್ತೇನೆ. ಕಥೆಯನ್ನು ಬೇಡ ಅನ್ನು, ನನ್ನನ್ನೂ ಬೇಡ ಅನ್ನು, ಆದರೆ ಇದೊಂದಕ್ಕೆ ಉತ್ತರ ಬರೆ. ಅವತ್ತು ನೀನು ಆ ಚೀಲ ತೆಗೆದದ್ದು ನಾನು ಬಂದು ಕೂರಲಿ ಅಂತಲಾ?